ಅಂತರ್ಜಾಲದ ಮುದ್ರೆಯುಂಗುರ: ಪ್ರಮಾಣಪತ್ರದ ಎಚ್ಚರಿಕೆ ಬಂದಾಗ

ಕೊಚ್ಚಿ, ತಿರುವನಂತಪುರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಊರಿನ ಪಹಣಿಯಿಂದ ಹಿಡಿದು ಬ್ಯಾಂಕ್ ವ್ಯವಹಾರದವರೆಗೆ ಅಂತರ್ಜಾಲವೇ ಆಸರೆ. ಇಂತಹ ವ್ಯವಹಾರದ ನಡುವೆ "ಈ ಸಂಪರ್ಕ ಸುರಕ್ಷಿತವಲ್ಲ" ಎಂಬ ಎಚ್ಚರಿಕೆ ಪರದೆಯ ಮೇಲೆ ಮೂಡಿದರೆ, ಅದನ್ನು ಕಡೆಗಣಿಸಿ ಮುಂದೆ ಸಾಗುವವರುಂಟು. ಅದರ ಅಪಾಯವೇನು, ದೋಷವನ್ನು ಪತ್ತೆಹಚ್ಚುವ ಬಗೆ ಯಾವುದು ಎಂಬುದನ್ನು ಇಲ್ಲಿ ಸಂಗ್ರಹವಾಗಿ ವಿವರಿಸಲಾಗಿದೆ.

ಪ್ರಮಾಣಪತ್ರವೆಂದರೇನು?

ಅಶೋಕವನದಲ್ಲಿ ಸೀತೆಗೆ ಹನುಮಂತನ ಮೇಲೆ ನಂಬಿಕೆ ನೆಲೆಗೊಂಡದ್ದು ರಾಮನ ಮುದ್ರೆಯುಂಗುರವನ್ನು ಕಂಡ ಮೇಲೆ. ಜಾಲತಾಣದ ಡಿಜಿಟಲ್ ಪ್ರಮಾಣಪತ್ರದ ಕಾರ್ಯವೂ ಅಂತಹುದೇ. ತಾಣದ ಹೆಸರು, ಅದರ ಬಹಿರಂಗ ಕೀಲಿ, ಸಿಂಧುತ್ವದ ಅವಧಿ ಹಾಗೂ ಪತ್ರವನ್ನು ನೀಡಿದ ಸಂಸ್ಥೆಯ ಅಂಕಿತ ಅದರಲ್ಲಿರುತ್ತವೆ. ತಾನು ಮೊದಲೇ ನಂಬಿರುವ ಮೂಲ ಪ್ರಮಾಣಪತ್ರದವರೆಗೆ ಬ್ರೌಸರ್ ಈ ಅಂಕಿತಗಳ ಸರಪಳಿಯನ್ನು ಪರಿಶೀಲಿಸುತ್ತದೆ. ಎದುರಿನವರ ಗುರುತು ಖಚಿತವಾಗದಿದ್ದರೆ, ಗೂಢಲಿಪಿ ಎಷ್ಟೇ ಬಲವಾಗಿದ್ದರೂ ಗುಟ್ಟನ್ನು ಕಳ್ಳನ ಕಿವಿಯಲ್ಲೇ ಹೇಳಿದಂತಾಗುತ್ತದೆ.

ಪರಿಶೀಲನೆಯ ಕ್ರಮ

1. ಗಡಿಯಾರ: ಗಣಕದ ಅಥವಾ ಮೊಬೈಲಿನ ದಿನಾಂಕ ತಪ್ಪಾಗಿದ್ದರೆ ಸಿಂಧುವಾದ ಪತ್ರವೂ ಅವಧಿ ಮೀರಿದಂತೆ ತೋರುತ್ತದೆ. ಮೊದಲು ಇದನ್ನು ಸರಿಪಡಿಸಿ.

2. ಹೆಸರು: ವಿಳಾಸವನ್ನು ಅಕ್ಷರಶಃ ಓದಿ. ಮೋಸದ ತಾಣವೂ ತನ್ನದೇ ಹೆಸರಿಗೆ ಪ್ರಮಾಣಪತ್ರ ಪಡೆಯಬಹುದಾದ್ದರಿಂದ ಬೀಗದ ಚಿಹ್ನೆಯೊಂದೇ ಸಾಲದು.

3. ಸಾರ್ವಜನಿಕ ವೈ-ಫೈ: ಎರ್ನಾಕುಲಂ ಜಂಕ್ಷನ್ನಿನಲ್ಲಿ 2016ರಲ್ಲಿ ಆರಂಭವಾದಂತಹ ಸೇವೆಗಳಲ್ಲಿ ಮೊದಲು ಪ್ರವೇಶಪುಟವನ್ನು ದಾಟಬೇಕಾಗುತ್ತದೆ. ಅದಕ್ಕೆ ಮುನ್ನ ಬೇರೆ ತಾಣವನ್ನು ತೆರೆದರೆ ಎಚ್ಚರಿಕೆ ಬರಬಹುದು. ಪ್ರವೇಶದ ನಂತರವೂ ಅದು ಉಳಿದರೆ ಆ ಜಾಲವನ್ನು ಬಿಡಿ.

4. ಕಚೇರಿಯ ಜಾಲ: ಕೆಲವು ಸಂಸ್ಥೆಗಳು ತಮ್ಮದೇ ಮೂಲ ಪ್ರಮಾಣಪತ್ರವನ್ನು ಗಣಕಗಳಲ್ಲಿ ಅಳವಡಿಸಿ, ಗೂಢಲಿಪಿಯ ಸಂಪರ್ಕವನ್ನು ನಡುವೆ ಬಿಡಿಸಿ ನೋಡುತ್ತವೆ. ಸ್ವಂತ ಬ್ಯಾಂಕ್ ವ್ಯವಹಾರಕ್ಕೆ ಅಂತಹ ಗಣಕ ತಕ್ಕುದಲ್ಲ.

5. ಹಳೆಯ ಉಪಕರಣ: 2021ರ ಸೆಪ್ಟೆಂಬರ್ 30ರಂದು ಬಹುಬಳಕೆಯ ಮೂಲ ಪ್ರಮಾಣಪತ್ರವೊಂದರ ಅವಧಿ ಮುಗಿದಾಗ, ನವೀಕರಣವಿಲ್ಲದ ಅನೇಕ ಉಪಕರಣಗಳು ಸರಿಯಾದ ತಾಣಗಳನ್ನೂ ನಿರಾಕರಿಸಿದವು. ನವೀಕರಣವೇ ಇದಕ್ಕೆ ಪರಿಹಾರ.

ತಂತ್ರಾಂಶ ರಚಿಸುವವರು ಸರ್ವರ್ ಮಧ್ಯಂತರ ಪ್ರಮಾಣಪತ್ರವನ್ನೂ ಕಳುಹಿಸುತ್ತಿದೆಯೇ ಎಂದು ನೋಡಬೇಕು. ಪರಿಶೀಲನೆಯನ್ನೇ ನಿಷ್ಕ್ರಿಯಗೊಳಿಸುವುದು ಪರಿಹಾರವಲ್ಲ; ಕಾವಲುಗಾರನನ್ನು ಮನೆಗೆ ಕಳುಹಿಸಿದಂತೆ.

2014ರ ಪಾಠ

ಮುದ್ರೆ ಒತ್ತುವವರಲ್ಲೇ ಲೋಪವಾದರೆ? 2014ರ ಜುಲೈ 2ರಂದು ಗೂಗಲ್ ತನ್ನ ಹೆಸರಿನ ಅನಧಿಕೃತ ಪ್ರಮಾಣಪತ್ರಗಳನ್ನು ಪತ್ತೆಹಚ್ಚಿತು. ಅವು ಭಾರತದ ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ (ಎನ್‌ಐಸಿ) ಪ್ರಮಾಣೀಕರಣ ವ್ಯವಸ್ಥೆಯಿಂದ ಹೊರಬಿದ್ದಿದ್ದವು. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಅಡಿಯಲ್ಲಿ ನೇಮಕಗೊಳ್ಳುವ ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರು ಮರುದಿನವೇ ಎನ್‌ಐಸಿಯ ಮಧ್ಯಂತರ ಪ್ರಮಾಣಪತ್ರಗಳನ್ನು ರದ್ದುಪಡಿಸಿದರು. ವಿಂಡೋಸ್ ಈ ಮೂಲವನ್ನು ನಂಬುತ್ತಿತ್ತು; ತನ್ನದೇ ಪಟ್ಟಿಯನ್ನು ಬಳಸುವ ಫೈರ್‌ಫಾಕ್ಸ್ ಅಪಾಯದಿಂದ ಹೊರಗುಳಿಯಿತು. ರದ್ದಾದ ಪತ್ರಗಳ ಸುದ್ದಿ ನಮ್ಮ ಉಪಕರಣಗಳನ್ನು ಹಲವು ಬಾರಿ ತಲುಪುವುದು ನವೀಕರಣಗಳ ಮೂಲಕ ಎಂಬುದನ್ನು ಮರೆಯಬಾರದು.

ಮೇಲಿನ ಕ್ರಮಗಳಿಂದಲೂ ಎಚ್ಚರಿಕೆ ಹೋಗದಿದ್ದರೆ ಗುಪ್ತಪದವನ್ನು ನಮೂದಿಸದೆ ಪುಟವನ್ನು ಮುಚ್ಚಿ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿರುವ ದೂರವಾಣಿಗೆ ಕರೆ ಮಾಡಿ ವಿಚಾರಿಸುವುದು ಲೇಸು. ಮನೆಯ ಹಿರಿಯರಿಗೂ ಇದನ್ನು ಒಮ್ಮೆ ತಿಳಿಸಿಕೊಡಿ.