‘ಬನಹಟ್ಟಿ’ ಅಂತ ಓದೋಕೆ ಫೋನಿನ ಬೀಗ ಮುರಿದ ಕಾಲ

ಇವತ್ತಿನ ವಿಷಯ ಫೋನ್ ರೂಟಿಂಗ್. ರೂಟ್ ಹೆಂಗ ಮಾಡೋದು ಅಂತ ಕಲಿಸೋ ಎಪಿಸೋಡ್ ಇದಲ್ಲ, ಅದಕ್ಕೆ ವಿಡಿಯೋಗಳು ಸಾಕಷ್ಟಿವೆ. ಜನ ಯಾಕೆ ರೂಟ್ ಮಾಡೋಕೆ ಶುರು ಮಾಡಿದ್ರು, ಅದರಲ್ಲಿ ಕನ್ನಡದ ಪಾಲೇನು, ಆ ದಾರಿ ಈಗ ಯಾಕೆ ಕಿರಿದಾಗ್ತಿದೆ ಅನ್ನೋದನ್ನ ನೋಡೋಣ.

ಮೊದಲು ನಮ್ಮೂರಿನ ಹೆಸರನ್ನೇ ತಗೊಳ್ರಿ. ಬನಹಟ್ಟಿ. ಕಣ್ಣಿಗೆ ನಾಲ್ಕೇ ಅಕ್ಷರ. ಆದ್ರೆ ಫೋನಿನ ಲೆಕ್ಕದಲ್ಲಿ ಏಳು: ಬ, ನ, ಹ, ಟ, ಆಮೇಲೆ ಹಲಂತದ ಗುರುತು, ಇನ್ನೊಂದು ಟ, ಕೊನೆಗೆ ಗುಡಿಸು. ಕಡೆಯ ನಾಲ್ಕನ್ನ ಕೂಡಿಸಿ ‘ಟ್ಟಿ’ ಅಂತ ತೋರಿಸೋದು ಫೋನಿನ ಕೆಲಸ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತು. ಆದರೂ 2008ರಲ್ಲಿ ಆಂಡ್ರಾಯ್ಡ್ ಮಾರುಕಟ್ಟೆಗೆ ಬಂದಾಗ ಅದರಲ್ಲಿ ಕನ್ನಡದ ಫಾಂಟ್ ಇರಲಿಲ್ಲ, ಒತ್ತಕ್ಷರ ಕೂಡಿಸೋ ವ್ಯವಸ್ಥೆಯೂ ಇರಲಿಲ್ಲ. ಕನ್ನಡದ ಪುಟ ತೆರೆದ್ರೆ ಸಾಲುಗಟ್ಟಲೆ ಖಾಲಿ ಚೌಕ.

ಆಗಿನ ಒಂದು ಉಪಾಯ ನಮಗಿಂತ ದೊಡ್ಡವರಿಗೆ ನೆನಪಿರಬಹುದು. ಒಪೆರಾ ಮಿನಿ ಬ್ರೌಸರ್‌ನ ವಿಳಾಸದ ಜಾಗದಲ್ಲಿ ‘ಒಪೆರಾ:ಕಾನ್ಫಿಗ್’ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ, ಅಲ್ಲಿ ಬಿಟ್‌ಮ್ಯಾಪ್ ಫಾಂಟ್ ಅನ್ನೋ ಸೆಟ್ಟಿಂಗ್‌ಗೆ ‘ಯೆಸ್’ ಕೊಡೋದು. ಹಂಗ ಮಾಡಿದ್ರೆ ಒಪೆರಾ ಸರ್ವರ್ ಕನ್ನಡ ಅಕ್ಷರಗಳನ್ನ ಚಿತ್ರ ಮಾಡಿ ಕಳಿಸ್ತಿತ್ತು. ಓದೋಕೆ ಬರ್ತಿತ್ತು. ಆದ್ರೆ ಅದು ಆ ಬ್ರೌಸರ್ ಒಳಗೆ ಮಾತ್ರ. ಮೆಸೇಜ್, ಮೇಲ್, ಬೇರೆ ಆ್ಯಪ್‌ಗಳಲ್ಲಿ ಮತ್ತೆ ಅದೇ ಚೌಕ.

ಪೂರ್ತಿ ಪರಿಹಾರ ಬೇಕಂದ್ರೆ ಫೋನಿನ ಒಳಗೇ ಕೈ ಹಾಕಬೇಕು. ಆಂಡ್ರಾಯ್ಡ್‌ನ ಬುಡದಲ್ಲಿರೋದು ಲಿನಕ್ಸ್. ಲಿನಕ್ಸ್‌ನಲ್ಲಿ ಎಲ್ಲ ಅಧಿಕಾರ ಇರೋ ಯಜಮಾನನ ಹೆಸರು ‘ರೂಟ್’. ಕಂಪ್ಯೂಟರ್ ಕೊಂಡ್ರೆ ಆ ಯಜಮಾನಿಕೆ ನಿಮ್ಮದೇ. ಫೋನ್ ಕೊಂಡ್ರೆ ಅದು ಬರಲ್ಲ, ಕಂಪನಿ ತನ್ನ ಹತ್ರಾನೇ ಇಟ್ಕೊಳ್ತದೆ. ಫಾಂಟ್‌ಗಳಿರೋ ಫೋಲ್ಡರ್ ಸಿಸ್ಟಮ್ ಭಾಗದಲ್ಲಿದೆ. ನೀವು ಅದನ್ನ ಓದಬಹುದು, ಬದಲಾಯಿಸೋ ಹಾಗಿಲ್ಲ. ರೂಟ್ ಮಾಡೋದು ಅಂದ್ರೆ ಆ ಅಧಿಕಾರವನ್ನ ಕಿತ್ಕೊಳ್ಳೋದು.

ಮೊದಲ ಆಂಡ್ರಾಯ್ಡ್ ಫೋನ್ ಜಿ1ನಲ್ಲಿ ಅದು ಸಿಕ್ಕಿದ್ದೇ ಒಂದು ತಮಾಷೆಯಿಂದ. 2008ರ ಅಕ್ಟೋಬರ್‌ನಲ್ಲಿ ಫೋನ್ ಮಾರಾಟಕ್ಕೆ ಬಂತು. ಮುಂದಿನ ತಿಂಗಳು ಒಬ್ಬ ಬಳಕೆದಾರ ಮೆಸೇಜ್‌ಗೆ ಉತ್ತರವಾಗಿ ‘ರೀಬೂಟ್’ ಅಂತ ಟೈಪ್ ಮಾಡಿದ. ಫೋನ್ ನಿಜವಾಗಿಯೂ ರೀಬೂಟ್ ಆಯ್ತು! ಕೀಬೋರ್ಡ್‌ನಲ್ಲಿ ಹೊಡೆದಿದ್ದೆಲ್ಲ ಪರದೆ ಹಿಂದೆ ರೂಟ್ ಆಜ್ಞೆಯಾಗಿ ಹೋಗ್ತಿತ್ತು. ಗೂಗಲ್ ಬೇಗ ಆ ತೂತು ಮುಚ್ಚಿತು. ಅಷ್ಟರಲ್ಲಿ ಜನಕ್ಕೆ ರುಚಿ ಹತ್ತಿತ್ತು.

2009ರಲ್ಲಿ ಸ್ಟೀವ್ ಕಾಂಡಿಕ್ ಅನ್ನೋ ಪ್ರೋಗ್ರಾಮರ್ ಸಯನೋಜನ್‌ಮಾಡ್ ಶುರು ಮಾಡಿದ. ಇದೇ ಕಸ್ಟಮ್ ರಾಮ್: ಕಂಪನಿ ಕೊಟ್ಟ ಸಾಫ್ಟ್‌ವೇರ್ ತೆಗೆದು ಆ ಜಾಗದಲ್ಲಿ ಹಾಕೋ ಪೂರ್ತಿ ಬೇರೆ ಆಂಡ್ರಾಯ್ಡ್. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಗೂಗಲ್‌ನಿಂದ ನೋಟಿಸ್ ಬಂತು. ಆಂಡ್ರಾಯ್ಡ್ ಎಲ್ಲರಿಗೂ ಮುಕ್ತ, ಆದ್ರೆ ಅದರ ಜೊತೆ ಜಿಮೇಲ್, ಮ್ಯಾಪ್ಸ್, ಯೂಟ್ಯೂಬ್ ಹಂಚೋ ಹಾಗಿಲ್ಲ ಅಂತ. ಆ ಆ್ಯಪ್‌ಗಳನ್ನ ಬಿಟ್ಟು ಉಳಿದದ್ದನ್ನ ಹಂಚೋ ತೀರ್ಮಾನ ಆಯ್ತು. ಯೋಜನೆ ಬದುಕಿತು.

ಈಗ ಕನ್ನಡಕ್ಕೆ ಬರೋಣ. ಆಂಡ್ರಾಯ್ಡ್‌ನ ಮೊದಲ ವರ್ಷಗಳಲ್ಲಿ ರೂಟ್ ಮಾಡಿ ಕನ್ನಡ ಅಕ್ಷರ ಇರೋ ಫಾಂಟ್ ಫೈಲ್ ತುರುಕಿದ್ರೆ ಚೌಕ ಹೋಗಿ ಅಕ್ಷರ ಬರ್ತಿತ್ತು. ಆದ್ರೆ ಒಡೆದ ಅಕ್ಷರ. ‘ಬನಹಟ್ಟಿ’ಯ ಎರಡು ಟ ಪಕ್ಕಪಕ್ಕ ನಿಂತು, ಗುಡಿಸು ಎಲ್ಲೋ ನೇತಾಡ್ತಿತ್ತು. ಫಾಂಟ್ ಬದಲಾಯಿಸೋದು ಸುಲಭ, ಅಕ್ಷರ ಕೂಡಿಸೋ ಯಂತ್ರವನ್ನ ಬದಲಾಯಿಸಬೇಕಂದ್ರೆ ಇಡೀ ಸಿಸ್ಟಮ್ ಹೊಸದಾಗಬೇಕು. 2012ರಲ್ಲಿ ಆಂಡ್ರಾಯ್ಡ್ 4.1, ಅಂದ್ರೆ ಜೆಲ್ಲಿ ಬೀನ್, ಕನ್ನಡ, ತೆಲುಗು, ಮಲಯಾಳಂ ಮೂರನ್ನೂ ಸೇರಿಸ್ತು. ತನ್ನದೇ ಫಾಂಟ್ ಹಾಕಿ ಮಾರಿದ ಕಂಪನಿಗಳೂ ಇದ್ದವು. ಆದ್ರೆ ಗೂಗಲ್‌ನಿಂದಲೇ ಕನ್ನಡ ಬಂದಿದ್ದು ಆಗ.

ಸಮಸ್ಯೆ ಏನಂದ್ರೆ, ಜನರ ಕೈಯಲ್ಲಿದ್ದ ಹಳೇ ಫೋನಿಗೆ 4.1 ಬರಬೇಕಲ್ಲ? ಸ್ಯಾಮ್‌ಸಂಗ್ 2010ರಲ್ಲಿ ತಂದ ಗ್ಯಾಲಕ್ಸಿ ಎಸ್ ಆ ಕಾಲದ ದುಬಾರಿ ಫೋನ್. ಅದಕ್ಕೆ ಆಂಡ್ರಾಯ್ಡ್ 4.0 ಕೊಡಲ್ಲ ಅಂತ ಕಂಪನಿ 2011ರ ಡಿಸೆಂಬರ್‌ನಲ್ಲೇ ಹೇಳಿಬಿಟ್ಟಿತು. 2.3ಕ್ಕೇ ನಿಲ್ಲಿಸ್ತು. ಅದೇ ಫೋನ್ ಮೇಲೆ 4.1 ಆಧಾರಿತ ಸಯನೋಜನ್‌ಮಾಡ್ 10 ಓಡ್ತು. ಕಂಪನಿ ಕೈಬಿಟ್ಟ ಫೋನ್ ಒತ್ತಕ್ಷರ ಸಮೇತ ಕನ್ನಡ ತೋರಿಸ್ತು. ಮೆನುಗಳೂ ಕನ್ನಡದಲ್ಲಿ ಬರಬೇಕಂದ್ರೆ 2014ರ ಆಂಡ್ರಾಯ್ಡ್ 5.0 ತನಕ ಕಾಯಬೇಕಾಯ್ತು. ಇನ್ನು ಸರ್ಕಾರ? 2016ರಲ್ಲಿ ಐಎಸ್ 16333ರ ಮೂರನೇ ಭಾಗ ಅಂತ ಒಂದು ಮಾನದಂಡ ಬಂತು. ಭಾರತದಲ್ಲಿ ಮಾರೋ ಫೋನಿನಲ್ಲಿ 22 ಭಾಷೆಗಳನ್ನೂ ಓದೋಕೆ ಬರಬೇಕು ಅನ್ನೋದು ಅದರ ಷರತ್ತು.

ಕಸ್ಟಮ್ ರಾಮ್ ನಮ್ಮ ಕೋರ್ಟಿಗೂ ಹೋಯ್ತು. ಸಯನೋಜನ್ ಅಷ್ಟೊತ್ತಿಗೆ ಕಂಪನಿಯಾಗಿತ್ತು. 2014ರ ಡಿಸೆಂಬರ್‌ನಲ್ಲಿ ಒನ್‌ಪ್ಲಸ್ ಒನ್ ಆ ಸಾಫ್ಟ್‌ವೇರ್ ಜೊತೆ ಭಾರತಕ್ಕೆ ಬಂತು. ಇಲ್ಲಿ ಅದರ ಹಕ್ಕು ನಮಗೊಬ್ಬರಿಗೇ ಅಂತ ಮೈಕ್ರೋಮ್ಯಾಕ್ಸ್ ದಾವೆ ಹಾಕ್ತು. ದೆಹಲಿ ಹೈಕೋರ್ಟ್ ಡಿಸೆಂಬರ್ 16ರಂದು ಒನ್‌ಪ್ಲಸ್ ಮಾರಾಟಕ್ಕೆ ತಡೆ ಕೊಡ್ತು. ಕೆಲವೇ ದಿನಗಳಲ್ಲಿ ವಿಭಾಗೀಯ ಪೀಠ ಆ ತಡೆ ತೆಗೀತು. ಹುಡುಗರು ಹವ್ಯಾಸಕ್ಕೆ ಕಟ್ಟಿದ ಸಾಫ್ಟ್‌ವೇರ್ ಎರಡು ಕಂಪನಿಗಳು ಕಿತ್ತಾಡೋ ಆಸ್ತಿಯಾಗಿತ್ತು. 2016ರ ಕೊನೆಗೆ ಸಯನೋಜನ್ ಕಂಪನಿ ಸೇವೆ ನಿಲ್ಲಿಸ್ತು. ಕೋಡ್ ಮುಕ್ತವಾಗಿದ್ದರಿಂದ ಸ್ವಯಂಸೇವಕರು ಅದನ್ನೇ ಲಿನೇಜ್ ಓಎಸ್ ಅಂತ ಮುಂದುವರಿಸಿದ್ರು.

ನಾನು ಬಿ.ಕಾಂ. ಓದಿದವನು, ಸವಕಳಿ ಲೆಕ್ಕ ಬಿಟ್ಟು ಯೋಚನೆ ಮಾಡೋಕೆ ಬರಲ್ಲ. ಯಂತ್ರ ಎಷ್ಟು ವರ್ಷ ದುಡಿಯುತ್ತೋ ಅಷ್ಟಕ್ಕೆ ಅದರ ಬೆಲೆ ಹಂಚಿ ಬರೀತೀವಿ. ನಮ್ಮೂರಲ್ಲಿ ಪಾವರ್‌ಲೂಮ್ ಇಟ್ಟವರು ಡಿಸೈನ್ ಬದಲಾಯಿಸೋಕೆ ಮಗ್ಗ ಮಾಡಿದ ಕಂಪನಿಗೆ ಅರ್ಜಿ ಹಾಕಲ್ಲ. ಮಗ್ಗ ಅವರದು, ಬಿಚ್ಚೋದೂ ಅವರ ಇಷ್ಟ. ಮಗ್ಗದ ಆಯುಷ್ಯ ಮುಗಿಯೋದು ಕಬ್ಬಿಣ ಸವೆದಾಗ. ಫೋನಿನ ಆಯುಷ್ಯ ಮಾತ್ರ ಅಪ್‌ಡೇಟ್ ನಿಂತಾಗ ಮುಗೀತದೆ, ಬ್ಯಾಟರಿ, ಪರದೆ ಎಲ್ಲ ಚೆನ್ನಾಗಿದ್ರೂ.

ಹಂಗಂತ ಇನ್ನೊಂದು ಕಡೆಯ ವಾದ ಸುಳ್ಳಲ್ಲ. ಯುಪಿಐ ಬಂದ ಮೇಲೆ ಫೋನೇ ನಮ್ಮ ಗಲ್ಲಾಪೆಟ್ಟಿಗೆ. ರೂಟ್ ಆದ ಫೋನಿನಲ್ಲಿ ಒಂದು ಕೆಟ್ಟ ಆ್ಯಪ್‌ಗೆ ಆ ಅಧಿಕಾರ ಸಿಕ್ರೆ ಎಲ್ಲ ಬಯಲು. ಅದಕ್ಕೇ ಗೂಗಲ್ ಮೊದಲು ಸೇಫ್ಟಿನೆಟ್, ಆಮೇಲೆ ಪ್ಲೇ ಇಂಟೆಗ್ರಿಟಿ ಅನ್ನೋ ತಪಾಸಣೆ ತಂತು. ಅದರಲ್ಲಿ ಫೇಲ್ ಆದ ಫೋನಿನಲ್ಲಿ ಹಲವು ಬ್ಯಾಂಕ್ ಆ್ಯಪ್ ತೆರೆಯೋದೇ ಇಲ್ಲ. ಆದ್ರೆ ವಿಚಿತ್ರ ನೋಡ್ರಿ: ಹೊಸ ಸೆಕ್ಯುರಿಟಿ ಅಪ್‌ಡೇಟ್ ಇರೋ ಲಿನೇಜ್ ಫೋನ್ ಅಲ್ಲಿ ಫೇಲ್ ಆಗಬಹುದು, ವರ್ಷಗಟ್ಟಲೆ ಅಪ್‌ಡೇಟ್ ಕಾಣದ ಕಂಪನಿ ಫೋನ್ ಪಾಸ್ ಆಗಬಹುದು. ಹಾಗಾದ್ರೆ ಇಲ್ಲಿ ಪರೀಕ್ಷೆ ಆಗ್ತಿರೋದು ಸುರಕ್ಷತೆಯೋ, ಯಜಮಾನಿಕೆಯೋ?

ಕಾನೂನಿನ ವಿಷಯ ಚುಟುಕಾಗಿ. ಅಮೆರಿಕದಲ್ಲಿ 2010ರಲ್ಲೇ ಫೋನಿನ ಬೀಗ ತೆಗೆಯೋದಕ್ಕೆ ಕಾಪಿರೈಟ್ ಕಾಯ್ದೆಯಿಂದ ವಿನಾಯಿತಿ ಸಿಕ್ತು. ನಮ್ಮ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಂ ಶಿಕ್ಷೆ ಹೇಳೋದು ಹಕ್ಕುಸ್ವಾಮ್ಯ ಉಲ್ಲಂಘಿಸೋ ಉದ್ದೇಶದಿಂದ ಬೀಗ ಮುರಿದವರಿಗೆ. ವಾರಂಟಿ ಹೋಗಬಹುದು, ಅದು ಬೇರೆ ಲೆಕ್ಕ.

ಮುಂದಿನ ಸಲ ಫೋನ್ ಕೊಳ್ಳೋವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳೋದರ ಜೊತೆ ಇನ್ನೆರಡು ಪ್ರಶ್ನೆ ಕೇಳ್ರಿ. ಎಷ್ಟು ವರ್ಷ ಅಪ್‌ಡೇಟ್ ಕೊಡ್ತೀರಿ? ಕೊಡೋದು ನಿಲ್ಲಿಸಿದ ಮೇಲೆ ಬೂಟ್‌ಲೋಡರ್ ತೆರೆಯೋಕೆ ಬಿಡ್ತೀರಾ? ಅಂಗಡಿಯವರಿಗೆ ಉತ್ತರ ಗೊತ್ತಿಲ್ಲದಿರಬಹುದು. ಹತ್ತು ಜನ ಕೇಳಿದ್ರೆ ತಿಳ್ಕೊಂಡು ಹೇಳ್ತಾರೆ.