ಕೆರೆ ಒಡೆದ ಮೇಲೆ ಊರು: ಚಿಕ್ಕಬಳ್ಳಾಪುರ ಸೀಮೆಯ ಬೇಚರಾಕ್ ಗ್ರಾಮಗಳು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಕಂದಾಯ ದಾಖಲೆಗಳಲ್ಲಿ ಒಂದು ಬಗೆಯ ಊರುಗಳಿವೆ. ಅವಕ್ಕೆ ಹೆಸರುಂಟು, ಎಲ್ಲೆಯುಂಟು, ಗ್ರಾಮ ನಕ್ಷೆ ಮತ್ತು ಸರ್ವೆ ನಂಬರುಗಳುಂಟು. ಮನೆ ಮಾತ್ರ ಒಂದೂ ಇಲ್ಲ. ದಾಖಲೆಯಲ್ಲಿ ಇವು ಬೇಚರಾಕ್ ಗ್ರಾಮಗಳು, ಜನರ ಬಾಯಲ್ಲಿ ಹಾಳೂರುಗಳು. ಇಂಥ ಜಾಗದಲ್ಲಿ ಕಾಣಸಿಗುವುದು ಹೆಚ್ಚುಕಡಿಮೆ ಒಂದೇ ಸಾಮಗ್ರಿ: ಸುತ್ತಲಿನ ಹೊಲಕ್ಕಿಂತ ಬೂದುಬಣ್ಣಕ್ಕೆ ತಿರುಗಿದ ಮಣ್ಣಿನ ದಿಬ್ಬ, ಉಳುವಾಗ ಮೇಲೇಳುವ ಮಡಕೆಯ ಬೋಕಿಗಳು, ಒಡೆದ ಒರಳು, ಬೀಸುಕಲ್ಲಿನ ಹೋಳು, ಬಾಗಿಲಿಲ್ಲದ ಆಂಜನೇಯನ ಗುಡಿ, ಬೇಲಿಯಲ್ಲಿ ಒರಗಿದ ವೀರಗಲ್ಲು, ಊರು ಕಟ್ಟಿದಾಗ ನೆಟ್ಟ ಕರಗಲ್ಲು. ಇವು ಹಾಳಾದದ್ದು ಹೇಗೆಂದರೆ ಸಿಗುವ ಉತ್ತರವೂ ಬಹುಪಾಲು ಒಂದೇ. ಮಾರಿ ಬಂತು, ಇಲ್ಲವೇ ದಂಡು ಬಂತು, ಒಂದೇ ರಾತ್ರಿಯಲ್ಲಿ ಊರು ಬರಿದಾಯಿತು. ಈ ವಿವರಣೆಯನ್ನು ನಾನು ಒಪ್ಪಲಾರೆ. ಜನ ಸತ್ತ ಮಾತ್ರಕ್ಕೆ ಊರು ಸಾಯುವುದಿಲ್ಲ. ಉಳಿದವರು ಹಿಂದಿರುಗಿ ಬಂದು ಬದುಕಲು ಬೇಕಾದ ಆಸರೆ ತಪ್ಪಿದಾಗ ಅದು ಸಾಯುತ್ತದೆ. ಈ ಸೀಮೆಯಲ್ಲಿ ಆ ಆಸರೆ ಕೆರೆ.

ಮೊದಲು ವಿಪತ್ತುಗಳನ್ನೇ ತೂಗಿ ನೋಡೋಣ. 1876-78ರ ಧಾತು ಬರಕ್ಕಿಂತ ದೊಡ್ಡ ಪೆಟ್ಟು ಈ ನಾಡಿಗೆ ಬಿದ್ದಿರಲಾರದು. ಆಗ ಈ ತಾಲ್ಲೂಕುಗಳೆಲ್ಲ ಕೋಲಾರ ಜಿಲ್ಲೆಯೊಳಗಿದ್ದವು. 1871ರ ಜನಗಣತಿಯಲ್ಲಿ 6 ಲಕ್ಷ 18 ಸಾವಿರವಿದ್ದ ಜಿಲ್ಲೆಯ ಜನಸಂಖ್ಯೆ 1881ಕ್ಕೆ 4 ಲಕ್ಷ 61 ಸಾವಿರಕ್ಕೆ ಇಳಿಯಿತು. ನಾಲ್ವರಲ್ಲಿ ಒಬ್ಬರು ಇಲ್ಲವಾದರು. ಆದರೆ ಮುಂದಿನ ಗಣತಿಯನ್ನೂ ನೋಡಬೇಕು: 1891ರಲ್ಲಿ ಅದೇ ಜಿಲ್ಲೆಯಲ್ಲಿ 5 ಲಕ್ಷ 91 ಸಾವಿರ ಜನ. ಹತ್ತೇ ವರ್ಷದಲ್ಲಿ ನಾಡು ಬಹುಮಟ್ಟಿಗೆ ತುಂಬಿಕೊಂಡಿತು. 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗು ಸುತ್ತಲ ಸೀಮೆಗೂ ಹಬ್ಬಿದಾಗ ಜನ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಪಿಡುಗು ಇಳಿದ ಮೇಲೆ ತಿರುಗಿ ಬಂದರು. ಹದಿನೆಂಟನೆಯ ಶತಮಾನದ ದಂಡುಗಳ ಕತೆಯೂ ಹೀಗೆಯೇ. ಪೇಶ್ವೆ ಮಾಧವರಾಯನ ದಾಳಿ, ಹೈದರನ ಕಾಲದ ಕಾಳಗಗಳು, 1791ರಲ್ಲಿ ನಂದಿದುರ್ಗಕ್ಕೆ ಕಾರ್ನ್‌ವಾಲಿಸ್ ಹಾಕಿದ ಮುತ್ತಿಗೆ, ಎಲ್ಲವೂ ಈ ನೆಲವನ್ನು ತುಳಿದವು. 1800ರಲ್ಲಿ ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳ ಮೇಲೆ ಹಾದುಹೋದ ಬ್ರಿಟಿಷ್ ಸರ್ವೆಗಾರ ಫ್ರಾನ್ಸಿಸ್ ಬುಕನನ್ ಮೈಸೂರು ಸೀಮೆಯ ಹಾಳು ಹಳ್ಳಿಗಳ ಬಗ್ಗೆ ಮತ್ತೆ ಮತ್ತೆ ಬರೆದ. ಆದರೂ ಆಮೇಲೆ ಬಹುಪಾಲು ಊರುಗಳು ಮರಳಿ ಎದ್ದವು. ಎಲ್ಲರಿಗೂ ಬಿದ್ದ ಏಟಿಗೆ ಕೆಲವರು ಮಾತ್ರ ಮೇಲೇಳದೆ ಹೋದರೆ, ಕಾರಣವನ್ನು ಏಟಿನಲ್ಲಿ ಹುಡುಕಿ ಫಲವಿಲ್ಲ.

ಹುಡುಕಬೇಕಾದದ್ದು ನೀರಿನಲ್ಲಿ. ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ. ನಂದಿ ಬೆಟ್ಟಗಳ ಸಾಲಿನಲ್ಲಿ ಹುಟ್ಟಿ ಗೌರಿಬಿದನೂರನ್ನು ಹಾದುಹೋಗುವ ಉತ್ತರ ಪಿನಾಕಿನಿಯೂ ವರ್ಷದ ಹೆಚ್ಚು ಕಾಲ ಮರಳಿನ ಹಾಸು. ಹಾಗಾಗಿ ಇಲ್ಲಿ ಊರು ಕಟ್ಟುವುದೆಂದರೆ ಕೆರೆ ಕಟ್ಟುವುದೇ ಆಗಿತ್ತು. ಹಳ್ಳದಿಂದ ಹಳ್ಳಕ್ಕೆ ಸರಪಣಿಯಂತೆ ಕೆರೆಗಳನ್ನು ಕಟ್ಟಿದ್ದರು. ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎನ್ನುವಷ್ಟರ ಮಟ್ಟಿಗೆ ಮೈಸೂರಿನಲ್ಲಿ ನೀರು ಹಿಡಿದಿದ್ದಾರೆ ಎಂಬ ಮಾತನ್ನು ಎಂಜಿನಿಯರ್ ಸ್ಯಾಂಕಿ 1866ರಲ್ಲೇ ದಾಖಲಿಸಿದ್ದ. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಯ ಶಾಸನಗಳದು. ಕೆರೆ, ತೂಬು, ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಮಾತುಗಳು ನಮ್ಮ ಶಾಸನಗಳಿಗೆ ಹೊಸವಲ್ಲ. ಕೆರೆಯ ಕೆಳಗಿನ ಗದ್ದೆಯ ಪಾಲನ್ನೋ ಭೂಮಿಯನ್ನೋ ಅದನ್ನು ಕಟ್ಟಿದವನಿಗೆ, ಕಾಪಾಡುವವನಿಗೆ ಬಿಟ್ಟುಕೊಡುವ ಏರ್ಪಾಟುಗಳೇ ಬಿತ್ತುವಟ್ಟ, ಕಟ್ಟುಕೊಡಗೆ. ಒಮ್ಮೆ ಕಟ್ಟಿದರೆ ಮುಗಿಯಿತು ಎಂದು ನಮ್ಮ ಹಿಂದಿನವರು ನಂಬಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಏರಿಯ ಮೇಲಿನ ಗಿಡ ಕೀಳಬೇಕು, ಇಲಿ, ಏಡಿಗಳ ಬಿಲ ಮುಚ್ಚಬೇಕು, ಹೂಳು ತೆಗೆಯಬೇಕು, ಕೋಡಿಯ ಕಲ್ಲು ಸರಿಪಡಿಸಬೇಕು. ನೀರಗಂಟಿ ಒಬ್ಬನಿಂದ ಆಗುವ ಕೆಲಸವಲ್ಲ, ಊರೇ ಮಣ್ಣು ಹೊರಬೇಕು. ಬರವೋ ದಂಡೋ ಬಂದು ಮೂವತ್ತು ಒಕ್ಕಲಿನ ಊರಿನಲ್ಲಿ ಎಂಟು ಒಕ್ಕಲು ಉಳಿದರೆ ಅವರಿಗೆ ಹೊಟ್ಟೆಗೆ ಧಾನ್ಯ ಸಿಕ್ಕೀತು, ಏರಿಗೆ ಆಳು ಸಿಗುವುದಿಲ್ಲ. ಕೆಲವು ವರ್ಷ ಕಳೆದು ಒಂದು ಜೋರು ಮಳೆಗೆ ಏರಿ ಬಾಯಿಬಿಡುತ್ತದೆ. ಮೇಲಿನ ಕೆರೆ ಒಡೆದರೆ ಆ ನೀರೆಲ್ಲ ಕೆಳಗಿನ ಕೆರೆಗೆ ನುಗ್ಗಿ ಅದನ್ನೂ ಒಯ್ಯುತ್ತದೆ. ಗದ್ದೆಯಿಲ್ಲದ ಊರಿನಲ್ಲಿ ಉಳಿದವರು ನೆಂಟರಿರುವ ಪಕ್ಕದ ಊರಿಗೆ ಹೋಗುತ್ತಾರೆ. ಹೋದವರ ಮೊಮ್ಮಕ್ಕಳಿಗೆ ಬರವೂ ದಂಡೂ ನೆನಪಿರುತ್ತವೆ, ಏರಿ ಒಡೆದ ಮಳೆ ನೆನಪಿರುವುದಿಲ್ಲ.

ಕೆರೆ ನೆಟ್ಟಗಿದ್ದರೂ ಊರು ಹಾಳಾದ ಉದಾಹರಣೆಗಳಿಲ್ಲವೇ ಎಂದು ಕೇಳಬಹುದು. ಇರುತ್ತವೆ, ಆದರೆ ಅವುಗಳ ಬಗೆ ಬೇರೆ. ಅಂಥ ಕಡೆ ಅಚ್ಚುಕಟ್ಟನ್ನು ಪಕ್ಕದ ದೊಡ್ಡ ಊರಿನವರು ಉಳುತ್ತಿರುತ್ತಾರೆ. ಅಂದರೆ ಬೇಸಾಯ ನಿಂತಿಲ್ಲ, ಮನೆಗಳು ಮಾತ್ರ ಜಾಗ ಬದಲಿಸಿವೆ. ಪಾಳೇಗಾರರ ಕಾಲದಲ್ಲಿ ಬಿಡಿ ಹಟ್ಟಿಗಳವರು ಕೋಟೆಯಿದ್ದ ಊರನ್ನು ಸೇರಿಕೊಳ್ಳುವುದು ಸಹಜವಾಗಿತ್ತು. ಆವತಿಯ ಮಲ್ಲಬೈರೇಗೌಡನ ಮನೆತನ 1479ರ ಸುಮಾರಿಗೆ ಕಟ್ಟಿತೆನ್ನುವ ಚಿಕ್ಕಬಳ್ಳಾಪುರ ಅಂಥ ಕೋಟೆಯ ಊರು. ಮರಾಠಾ ಮುಖಂಡ ಚಿಂತಾಮಣಿರಾಯನ ಹೆಸರು ಹೊತ್ತ ಚಿಂತಾಮಣಿಯೂ ಪೇಟೆಯಾಗಿ ಬೆಳೆದು ಸುತ್ತಲ ವ್ಯಾಪಾರವನ್ನು ಸೆಳೆಯಿತು. ಹೀಗೆ ಕರಗಿದ ಹಳ್ಳಿಯನ್ನೂ ನೀರು ತಪ್ಪಿ ಸತ್ತ ಹಳ್ಳಿಯನ್ನೂ ಒಂದೇ ಪಟ್ಟಿಗೆ ಸೇರಿಸಿರುವುದು ಕಂದಾಯ ಇಲಾಖೆಯ ಅನುಕೂಲಕ್ಕೆ. ಚರಿತ್ರೆ ಬರೆಯುವವರು ಎರಡನ್ನೂ ಬಿಡಿಸಿಯೇ ನೋಡಬೇಕು.

ಕಾಗದಪತ್ರವಿಲ್ಲದ ಊರಿನ ಬಗ್ಗೆ ಇದೆಲ್ಲ ಬರಿಯ ಊಹೆ ಎಂಬ ಆಕ್ಷೇಪ ಮೊದಲಿನದಕ್ಕಿಂತ ಗಟ್ಟಿಯಾದದ್ದು. ಇದಕ್ಕೆ ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರಿನ ವಾರಮ್ ಪರ್ಸಿ ಎಂಬ ಹಾಳೂರಿನಲ್ಲಿದೆ. ಇಂಥ ಊರುಗಳನ್ನು 1348-49ರ ಮಹಾಮಾರಿ ಅಳಿಸಿತೆಂಬ ನಂಬಿಕೆ ಅಲ್ಲೂ ಬೇರೂರಿತ್ತು. ಇತಿಹಾಸಕಾರ ಮಾರಿಸ್ ಬೆರೆಸ್‌ಫರ್ಡ್ ಮತ್ತು ಪುರಾತತ್ವಜ್ಞ ಜಾನ್ ಹರ್ಸ್ಟ್ 1950ರಿಂದ 1990ರವರೆಗೆ ಬೇಸಿಗೆಯಿಂದ ಬೇಸಿಗೆಗೆ ಅಲ್ಲಿ ಅಗೆಸಿದರು. ಮಹಾಮಾರಿಯ ನಂತರವೂ ಊರು ಬದುಕಿತ್ತು, ಕೊನೆಯ ಮನೆಗಳು ಖಾಲಿಯಾದದ್ದು 1500ರ ಹೊತ್ತಿಗೆ, ಉಳುಮೆಗಿಂತ ಕುರಿ ಲಾಭವೆಂದು ಜಮೀನುದಾರರು ಹೊಲಗಳನ್ನು ಹುಲ್ಲುಗಾವಲು ಮಾಡಿದ್ದರಿಂದ ಎಂಬುದು ಗೊತ್ತಾಯಿತು. ಇಂದು ಅಲ್ಲಿ ನಿಂತಿರುವುದು ಸಂತ ಮಾರ್ಟಿನ್ನನ ಚರ್ಚಿನ ಮುರುಕು ಗೋಡೆಗಳು. ಅಲ್ಲಿ ಕುರಿ, ಇಲ್ಲಿ ಕೆರೆ. ಕಾರಣ ಒಂದೇ ಅಲ್ಲ, ತನಿಖೆಯ ದಾರಿ ಒಂದೇ. ನನ್ನ ವಾದವನ್ನೂ ನೆಲದಲ್ಲೇ ಪರೀಕ್ಷಿಸಬಹುದು. ದಿಬ್ಬದ ಕೊನೆಯ ಪದರದ ಬೋಕಿಯ ಕಾಲವೂ ಏರಿ ಒಡೆದ ಕಾಲವೂ ಹತ್ತಿರ ಬಂದರೆ ವಾದ ನಿಲ್ಲುತ್ತದೆ. ಏರಿ ಗಟ್ಟಿಯಿದ್ದು ಮನೆಗಳ ಮೇಲೆಲ್ಲ ಸುಟ್ಟ ಬೂದಿಯ ಪದರ ಸಿಕ್ಕರೆ, ಆ ಊರಿನ ಮಟ್ಟಿಗೆ ದಂಡಿನ ಕತೆಯೇ ನಿಜ.

ಪರೀಕ್ಷೆಗೆ ಬೇಕಾದ ನೆಲವೇ ಈಗ ಕರಗುತ್ತಿದೆ. ಹಾಳುದಿಬ್ಬದ ಮಣ್ಣು ಒಳ್ಳೆ ಗೊಬ್ಬರವೆಂದು ಟ್ರ್ಯಾಕ್ಟರುಗಳಲ್ಲಿ ಹೋಗುತ್ತದೆ. ನಿಧಿಯ ಆಸೆಗೆ ಗುಡಿಯ ಪೀಠ, ವೀರಗಲ್ಲಿನ ಬುಡ ಅಗೆಯುವವರಿದ್ದಾರೆ. ಬೆಂಗಳೂರಿನ ಸಂಸ್ಕರಿಸಿದ ನೀರು ಈ ಭಾಗದ ಕೆರೆಗಳಿಗೆ ಬರುತ್ತಿರುವುದು ಸಂತೋಷವೇ. ಆದರೆ ಹೂಳೆತ್ತುವ ಜೆಸಿಬಿಗೆ ಹಳೆಯ ತೂಬಿನ ಕಲ್ಲಿಗೂ ಬರಿ ಬಂಡೆಗೂ ವ್ಯತ್ಯಾಸ ಗೊತ್ತಿಲ್ಲ. ರಾಜ್ಯದ 1961ರ ಪುರಾತತ್ವ ಕಾಯ್ದೆಯ ರಕ್ಷಣೆ ಸರ್ಕಾರ ಘೋಷಿಸಿದ ಸ್ಮಾರಕಗಳಿಗೆ, ಪುರಾತತ್ವ ನೆಲೆಗಳಿಗೆ ಮಾತ್ರ, ಬೋಕಿಯ ದಿಬ್ಬವನ್ನು ಹಾಗೆ ಯಾರೂ ಎಣಿಸುವುದಿಲ್ಲ. ಗ್ರಾಮ ಪಂಚಾಯಿತಿಗಳು ತಮ್ಮ ಎಲ್ಲೆಯೊಳಗಿನ ಬೇಚರಾಕ್ ಗ್ರಾಮಗಳನ್ನು ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಲಿ. ಕೆರೆ ಕೆಲಸ ಶುರುವಾಗುವ ಮುನ್ನ ತೂಬು, ಕೋಡಿ, ಶಾಸನದ ಕಲ್ಲುಗಳ ಫೋಟೊ ತೆಗೆದು ಇಟ್ಟುಕೊಳ್ಳಲಿ. ನಿಮ್ಮ ಹೊಲದಲ್ಲಿ ಕರಗಲ್ಲೋ ವೀರಗಲ್ಲೋ ಇದ್ದರೆ ದಯವಿಟ್ಟು ಇದ್ದ ಜಾಗದಲ್ಲೇ ಬಿಡಿ, ಪುರಾತತ್ವ ಇಲಾಖೆಗೆ ತಿಳಿಸಿ.