ಸೋರುವ ಫ್ಲಶ್‌ಗೆ 250 ವರ್ಷ

ಇವತ್ತಿನ ಕಥೆ ಶುರುವಾಗೋದು ಟಾಯ್ಲೆಟ್‌ನಲ್ಲಿ. ಊಟ ಮಾಡ್ತಾ ಕೇಳ್ತಿದ್ರೆ ಈಗಲೇ ಪಾಸ್ ಮಾಡಿ, ಕೈ ತೊಳೆದು ಬನ್ನಿ.

2024ರ ಮಾರ್ಚ್. ಬೆಂಗಳೂರಲ್ಲಿ ಎಷ್ಟೋ ಬೋರ್‌ವೆಲ್‌ಗಳು ಬತ್ತಿದ್ದವು, ಟ್ಯಾಂಕರ್‌ನವರಿಗೆ ಫೋನ್ ಮಾಡಿದ್ರೆ ಎತ್ತೋರಿಲ್ಲ. ನಾನಿರೋ ಬಿಲ್ಡಿಂಗ್‌ನಲ್ಲಿ ಮೂರು ಮನೆ, ಒಂದೇ ಸಂಪು. ತಿಂಗಳಿಗೆ ಒಂದು ಟ್ಯಾಂಕರ್ ಜಾಸ್ತಿ ಬೇಕಾಗ್ತಿತ್ತು. ಓನರ್ ಆಂಟಿ ಎಲ್ಲರನ್ನೂ ಮೆಟ್ಟಿಲ ಹತ್ರ ಕರೆದು, "ಯಾರಪ್ಪಾ ಇಷ್ಟು ನೀರು ಚೆಲ್ತಿರೋದು?" ಅಂದ್ರು. ಎಲ್ಲರ ಕಣ್ಣೂ ಹೋಗಿದ್ದು ಮೇಲಿನ ಮನೆಯವರ ಕಡೆಗೆ. ಅವರಿಗೆ ಎರಡು ಚಿಕ್ಕ ಮಕ್ಕಳು, ದಿನಾ ವಾಷಿಂಗ್ ಮಷೀನ್ ಓಡುತ್ತೆ. ನಾನೂ ಹೌದು ಅಂತ ತಲೆ ಆಡಿಸಿದೆ. ಆ ಅಕ್ಕ ಏನೂ ಮಾತಾಡದೆ ಮೇಲೆ ಹೋದ್ರು.

ಹದಿನೈದು ದಿನ ಆದ್ಮೇಲೆ, ರಾತ್ರಿ ಎರಡು ಗಂಟೆಗೆ ಎಡಿಟಿಂಗ್ ಮುಗಿಸಿ ಹೆಡ್‌ಫೋನ್ ತೆಗೆದೆ. ಸಣ್ಣಗೆ ಸುಯ್ ಅನ್ನೋ ಸದ್ದು. ನನ್ನದೇ ಬಾತ್‌ರೂಮಿಂದ. ಕಮೋಡ್ ಒಳಗೆ, ಹಿಂಬದಿಯಲ್ಲಿ, ತೆಳ್ಳಗೆ ನೀರು ಜಾರ್ತಾ ಇತ್ತು.

ಈ ಸೋರಿಕೆ ಎಷ್ಟು ಹಳೇದು ಅಂತ ಹುಡುಕ್ತಾ ಹೋದೆ. ಫ್ಲಶ್ ಟಾಯ್ಲೆಟ್ ಎಷ್ಟು ಹಳೇದೋ ಹೆಚ್ಚುಕಮ್ಮಿ ಅದೂ ಅಷ್ಟೇ ಹಳೇದು.

1596ರಲ್ಲಿ ಇಂಗ್ಲೆಂಡಿನ ಜಾನ್ ಹ್ಯಾರಿಂಗ್ಟನ್, ರಾಣಿ ಮೊದಲನೇ ಎಲಿಜಬೆತ್‌ಳ ಧರ್ಮಪುತ್ರ, ನೀರಿನ ತೊಟ್ಟಿ ಮತ್ತು ಕವಾಟ ಇರೋ ಶೌಚದ ಬಗ್ಗೆ ಪುಸ್ತಕ ಬರೆದ. ಜನ ನಕ್ಕು ಸುಮ್ಮನಾದರು. 1775ರಲ್ಲಿ ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ ಪೇಟೆಂಟ್ ಪಡೆದ. ಪೈಪನ್ನು ಬಗ್ಗಿಸಿ, ಆ ಬಾಗಿನಲ್ಲಿ ಸದಾ ಸ್ವಲ್ಪ ನೀರು ನಿಲ್ಲೋ ಹಾಗೆ ಮಾಡಿದ್ದು ಅವನು. ಚರಂಡಿ ವಾಸನೆ ಮನೆಗೆ ಬರದಂತೆ ತಡೆಯೋದು ಇವತ್ತಿಗೂ ಆ ಬಾಗೇ. ಆದರೆ ಪ್ಯಾನ್ ತಳದಲ್ಲಿ ಅವನು ಇಟ್ಟ ಜಾರುವ ಕವಾಟ ಸರಿಯಾಗಿ ಮುಚ್ಚುತ್ತಿರಲಿಲ್ಲ. ಇಂಥ ಟಾಯ್ಲೆಟ್‌ಗಳನ್ನು ಮನೆಮನೆಗೆ ಕೂರಿಸುತ್ತಿದ್ದ ಜೋಸೆಫ್ ಬ್ರಾಮಾ 1778ರಲ್ಲಿ ಅದರ ಜಾಗಕ್ಕೆ ಕೀಲು ಇರೋ ಕವಾಟ ತಂದ.

ಮುಂದಿನ ಜಗಳ ಮೇಲಿನ ತೊಟ್ಟಿಯದ್ದು. 19ನೇ ಶತಮಾನದ ಲಂಡನ್ನಿಗೆ ನೀರು ಕೊಡ್ತಿದ್ದು ಖಾಸಗಿ ಕಂಪನಿಗಳು, ಎಷ್ಟೋ ಮನೆಗಳಿಗೆ ದಿನದಲ್ಲಿ ಸ್ವಲ್ಪ ಹೊತ್ತು ಮಾತ್ರ. ನಮಗೇನೂ ಹೊಸದಲ್ಲ ಬಿಡಿ! 24 ಗಂಟೆ ನೀರು ಬಿಟ್ರೆ ಸೋರುವ ಕವಾಟಗಳಲ್ಲೇ ಎಲ್ಲಾ ಹರಿದು ಹೋಗುತ್ತೆ ಅನ್ನೋದು ಕಂಪನಿಗಳ ಭಯ. 1871ರ ಕಾನೂನಿನ ನಂತರ ಬಂದ ನಿಯಮಗಳು ಒಂದು ಫ್ಲಶ್‌ಗೆ ಎರಡು ಗ್ಯಾಲನ್, ಅಂದ್ರೆ ಸುಮಾರು 9 ಲೀಟರ್ ಮಿತಿ ಹಾಕಿದವು. ಆ ತೊಟ್ಟಿಗೆ ಇಟ್ಟ ಹೆಸರೇ 'ನೀರು ಪೋಲು ತಡೆಯುವ ಸಾಧನ'. ಹೆಸರು ಕೇಳಿದ್ರೆ ತಪ್ಪು ಜನರದ್ದು ಅನ್ನಿಸುತ್ತೆ. ಎಷ್ಟೋ ಮನೆಗಳಲ್ಲಿ ತಪ್ಪು ಇದ್ದಿದ್ದು ಕವಾಟದ್ದು.

ಬ್ರಿಟನ್ ಕಂಡುಕೊಂಡ ದಾರಿ ಸೈಫನ್. ತೊಟ್ಟಿಯೊಳಗೆ ತಲೆಕೆಳಗಾದ 'ಯು' ಆಕಾರದ ಪೈಪು. ಹಿಡಿ ಎಳೆದರೆ ನೀರು ಆ ಬಾಗನ್ನು ದಾಟುತ್ತೆ, ಉಳಿದ ನೀರನ್ನೂ ಎಳ್ಕೊಂಡು ಹೋಗುತ್ತೆ, ಗಾಳಿ ಸೇರಿದ ಕೂಡಲೇ ನಿಲ್ಲುತ್ತೆ. ತಳದಲ್ಲಿ ನೀರನ್ನು ತಡೆದು ಹಿಡಿಯೋ ಕವಾಟವೇ ಇಲ್ಲ. ಕೆಟ್ಟರೆ ಫ್ಲಶ್ ಆಗಲ್ಲ, ಆದರೆ ಸೋರಲ್ಲ. 2001ರ ಜನವರಿ 1ರಿಂದ ಅಲ್ಲೂ ಕವಾಟಕ್ಕೆ ಒಪ್ಪಿಗೆ ಸಿಕ್ತು, ಸೋರುವ ಟಾಯ್ಲೆಟ್‌ಗಳೂ ವಾಪಸ್ ಬಂದವು. ನಮ್ಮ ಎರಡು ಬಟನ್‌ನ ಟ್ಯಾಂಕ್‌ಗಳಲ್ಲಿ ಇರೋದೂ ಅಂಥದ್ದೇ ಕವಾಟ, ತಳದಲ್ಲಿ ಒಂದು ರಬ್ಬರ್ ರಿಂಗ್.

ಈಗ ನಿಮ್ಮನೇಲಿ ನೋಡಿ. ಬೀಟ್‌ರೂಟ್ ಬೇಯಿಸಿದ ನೀರನ್ನು ಫ್ಲಶ್ ಟ್ಯಾಂಕಿಗೆ ಸುರಿದು ಅರ್ಧ ಗಂಟೆ ಫ್ಲಶ್ ಮಾಡಬೇಡಿ. ಕಮೋಡ್‌ನಲ್ಲಿ ಬಣ್ಣ ಕಂಡ್ರೆ ಸೋರ್ತಿದೆ ಅಂತ ಅರ್ಥ. ಆಮೇಲೆ ಟ್ಯಾಂಕಿಗೆ ನೀರು ಬರೋ ಆಂಗಲ್ ಕಾಕ್ ಮುಚ್ಚಿ, ನೀರಿನ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ. ಮಟ್ಟ ಇಳೀತಾನೇ ಹೋದ್ರೆ ತಳದ ರಬ್ಬರ್ ಸವೆದಿದೆ, ಇಲ್ಲಾ ಬೋರ್ ನೀರಿನ ಉಪ್ಪು ಕಟ್ಟಿದೆ. ಓವರ್‌ಫ್ಲೋ ಪೈಪಿನ ಬಾಯಿವರೆಗೆ ನೀರು ತುಂಬಿ, ಕಾಕ್ ಮುಚ್ಚಿದ ಮೇಲೆ ಅಲ್ಲೇ ನಿಂತ್ರೆ, ತೊಂದರೆ ಫ್ಲೋಟ್ ವಾಲ್ವ್‌ದು. ನೆಲ ಒದ್ದೆ ಇದ್ರೆ ಅದು ಜಾಯಿಂಟ್ ಕೆಲಸ, ಪ್ಲಂಬರ್‌ನ ಕರೀರಿ.

ನನ್ನ ಟ್ಯಾಂಕ್ ಒಳಗೆ 40 ಸೆಂಟಿಮೀಟರ್ ಉದ್ದ, 15 ಅಗಲ. ಕಾಲು ಗಂಟೆಗೆ ಮೂರು ಸೆಂಟಿಮೀಟರ್ ಇಳೀತು, ಅಂದ್ರೆ 1.8 ಲೀಟರ್. ಬಿಕಾಂ ಓದಿದ್ದು ಕೊನೆಗೂ ಉಪಯೋಗಕ್ಕೆ ಬಂತು: ದಿನಕ್ಕೆ ಸುಮಾರು 173 ಲೀಟರ್, ತಿಂಗಳಿಗೆ 5,000 ದಾಟುತ್ತೆ. ಆ ಜಾಸ್ತಿ ಟ್ಯಾಂಕರ್ ನಂದೇ.

ಬೆಂಗಳೂರಿಗೆ ಬರೋ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, 500 ಮೀಟರ್‌ನಷ್ಟು ಎತ್ತರ ಹತ್ತಿ ಬರುತ್ತೆ. 1974ರಿಂದ ಹೀಗೇ ಪಂಪ್ ಆಗ್ತಿದೆ. ಅಷ್ಟು ದೂರ ಹತ್ತಿ ಬರೋ ನೀರನ್ನ ಒಂದು ಸವೆದ ರಿಂಗು ಸೀದಾ ಚರಂಡಿಗೆ ಕಳಿಸುತ್ತೆ. ಆ ರಿಂಗಿಗೆ ನಾನು ಕೊಟ್ಟಿದ್ದು ನೂರು ರೂಪಾಯಿಗೂ ಕಡಿಮೆ. ವಾಲ್ವನ್ನು ತಿರುಗಿಸಿ ಎತ್ತಿ, ಹಳೇದು ಕಿತ್ತು, ಹೊಸದು ಕೂರಿಸೋಕೆ ಹತ್ತು ನಿಮಿಷ.

ಮೇಲಿನ ಮನೆಗೆ ಹೋಗಿ ಸಾರಿ ಕೇಳೋಕೆ ಮಾತ್ರ ಎರಡು ದಿನ ಬೇಕಾಯ್ತು. ಅಕ್ಕ ಪೂರ್ತಿ ಕೇಳಿಸಿಕೊಂಡ್ರು. "ನಂಗೆ ಹೇಳಿದ್ದು ಸರಿ. ಅವತ್ತು ಎಲ್ಲರ ಮುಂದೆ ಅಲ್ವಾ ಆಗಿದ್ದು?" ಅಂದ್ರು.

ಭಾನುವಾರ ಅದೇ ಮೆಟ್ಟಿಲ ಹತ್ರ ಎಲ್ಲರನ್ನೂ ಕರೆದು ಹೇಳಿದೆ. ಆಂಟಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮದನ್ನೂ ಒಂಚೂರು ನೋಡಪ್ಪಾ" ಅಂದ್ರು.

ಅವರದ್ದೂ ಸೋರ್ತಾ ಇತ್ತು.